ಸುಹೈಲ್ ಹುಟ್ಟಿದ ವಾರ

ದಿಬ್ಬಾದ ಕಲ್ಲುಕಟ್ಟೆ, ಬೆಳಗಿನ ಜಾವ.
ನೀರಿನ್ನೂ ಮೀಯಲು ಕಾಸಿಟ್ಟ ಹಂಡೆ;
ಮೀನೆಲ್ಲ ತಳದ ತಂಪು ಹುಡುಕಿ ಇಳಿದಿವೆ.
ನನ್ನ ಥರ್ಮೋಕೋಲ್ ಪೆಟ್ಟಿಗೆಯೊಳಗೆ
ಮೀನಿಲ್ಲದೆ ಐಸು ಕರಗಿ
ಐಸಿನದೇ ಸಾರು.
ಮೂರು ಶುಕ್ರವಾರದಿಂದ ಇದೇ ಅಡುಗೆ.

ನಮಾಜು ಮುಗಿಸಿ ಬಂದ ಮುದುಕ ಖಲ್ಫಾನ್
ತೋರುಬೆರಳಿಗೆ ನೂಲು ಸುತ್ತಿಕೊಂಡು
ತೆಂಕಣಕ್ಕೆ ಗದ್ದ ಎತ್ತಿದ:
“ಅಗೋ, ಸುಹೈಲ್. ಇನ್ನು ನಲವತ್ತು ರಾತ್ರಿ ತಡೆ,
ನೀರು ತಣಿಯುತ್ತದೆ, ಕನಾದ್ ಬರುತ್ತದೆ.”

ಕನಾದ್ ಅಂದರೆ ನಮ್ಮ ಅಂಜಲ್.
ಸುಹೈಲ್ ಅಂದರೆ ನಮ್ಮ ಅಗಸ್ತ್ಯ.
“ಒಮ್ಮೆ ಇಡೀ ಕಡಲನ್ನೇ ಕುಡಿದವನು ಅವನು” ಎಂದೆ.

ಮುದುಕ ನೂಲು ಮರೆತು ನೋಡಿದ:
“ಮತ್ತೆ ಮೀನುಗಳು?”

ಉಪ್ಪಿನಕುದ್ರುವಿನ ಅಜ್ಜಿ ಅದನ್ನು ಹೇಳಿರಲಿಲ್ಲ.
ಗಾಳ ಎಳೆದೆ. ಚುಚ್ಚಿದ ಸಿಗಡಿ
ಹಾಗೇ ಇತ್ತು,
ತುಸು ಕೆಂಪಾಗಿ, ಬೆಂದ ಹಾಗೆ.