ಕನ್ನಡಿಯಲ್ಲಿ ಮುಂದಿನ ಚಕ್ರ

ಸಾವಂತ್ರಿಯ ಮುಖ ಹೇಗಿತ್ತು ಅಂತ
ನನ್ನನ್ನು ಕೇಳಬೇಡಿ.
ಹನ್ನೊಂದು ವರ್ಷ ನಾನು ಕಂಡಿದ್ದು
ಆರ್‌ಎಕ್ಸ್ ಹಂಡ್ರೆಡ್ಡಿನ, ಕೆಳಕ್ಕೆ ತಿರುಗಿಸಿದ ಬಲಗನ್ನಡಿಯಲ್ಲಿ
ಒಂದು ಹೆಲ್ಮೆಟ್ಟಿನ ನೆತ್ತಿ,
ಅದರ ಕೆಳಗೆ, ನನ್ನ ಹಿಂದಿನ ಟೈರಿಗೆ ಒಂದು ಗೇಣು ಬಿಟ್ಟು,
ಕೂದಲೆಳೆಯಷ್ಟೂ ಅಲುಗದ ಮುಂದಿನ ಚಕ್ರ.

ನಾಲ್ಕೂವರೆಗೆ ಹೆಣ್ಣೂರು ಕ್ರಾಸು.
ಹಾಲಿನ ಟ್ಯಾಂಕರು, ಕನಕಾಂಬರದ ಟೆಂಪೊ,
ಬಾಗಲೂರು ಕಡೆಯ ಜಲ್ಲಿ ಲಾರಿ.
ನಾನು ಗಾಳಿ ಸೀಳಬೇಕು, ಅವಳು ಆ ಸೀಳಿನೊಳಗೆ ಬರಬೇಕು.
ಇಷ್ಟೇ ಕೆಲಸ. ಕೋಚ್ ಸಾಹೇಬರು ಅದಕ್ಕೇನೋ ಹೆಸರು ಹೇಳಿದ್ದರು.
ಅಮ್ಮ ಕೇಳಿದಾಗ ‘ಗಾಳಿಗೆ ಅಡ್ಡ ಇರ್ತೀನಿ’ ಅಂದೆ.
‘ಅದಕ್ಕೂ ಸಂಬಳ ಕೊಡ್ತಾರಾ ಅರುಳಪ್ಪ?’ ಅಂದಳು.
ಪೆಟ್ರೋಲಿಗೆ ಕೊಡುತ್ತಿದ್ದರು.

ಮಾತೇ ಇಲ್ಲ.
‘ಹ್ಞೂಂ’ ಅಂದರೆ ಇನ್ನೂ ಎರಡು ಕಿಲೋಮೀಟರ್ ವೇಗ.
ಮತ್ತೊಂದು ‘ಹ್ಞೂಂ’. ಐವತ್ತೆಂಟು.
ಸಾಕು ಅನ್ನುವುದಕ್ಕೆ ಒಂದು ಸದ್ದು ಇಟ್ಟುಕೊಳ್ಳಲು
ಇಬ್ಬರಿಗೂ ಮರೆತೇ ಹೋಗಿತ್ತು.
ನನ್ನ ಸೈಲೆನ್ಸರಿನ ಹೊಗೆ ಉಂಡೇ ಬೆಳೆದಳು ಹುಡುಗಿ.
ಎಲ್ಲ ಮುಗಿದ ಮೇಲೆ ಕೆಮ್ಮಿ, ಉಗಿದು,
‘ಆಯಿಲ್ ಬದ್ಲಿ ಮಾಡೀರೇನ್ರಿ?’ ಅನ್ನುವಳು.
ರುಚಿಯಲ್ಲೇ ಗೊತ್ತಾಗುತ್ತಿತ್ತು.

ಎರಡು ಸೈಕಲ್ಲು ಅವಳಿಗೆ. ರೋಡಿನದಕ್ಕೆ ಇಪ್ಪತ್ತೆರಡು ಗೇರು.
ಟ್ರ್ಯಾಕಿನದಕ್ಕೆ ಒಂದೇ. ಬ್ರೇಕಿಲ್ಲ.
ಕಾಲು ನಿಲ್ಲಿಸಿದರೆ ಕುದುರೆ ಹಾಗೆ ಎತ್ತಿ ಒಗೆಯುತ್ತದೆ.
ಈ ಊರಲ್ಲಿ ಅದಕ್ಕೆ ಓಡಲು ಜಾಗವಿರಲಿಲ್ಲ,
ಬೀಗ ಹಾಕಿದ ಕೋಣೆಯ ಗೋಡೆಗೆ ನೇತಾಡಿಕೊಂಡಿದ್ದು
ವರ್ಷಕ್ಕೆರಡು ಸಲ ರೈಲು ಹತ್ತಿ ದಿಲ್ಲಿಗೆ ಹೋಗಿಬರುತ್ತಿತ್ತು.
‘ಹೇಗಿದೆ ಅಲ್ಲಿ?’ ಅಂದರೆ,
‘ಹಿಟ್ಟು ನಾದೂ ಕೊಣಮಗಿ ಇರ್ತದಲ್ರಿ, ಕಟಗೀದು,
ಅದ್ರಾಗ ಇರಿವಿ ಬಿದ್ರ ಹೆಂಗ್ ಸುತ್ತತದ, ಹಂಗ.’
ವಿಜಯಪುರದ ಮಾತು.
ಇರುವೆಗೆ ಬ್ರೇಕಿದೆಯಾ ಅಂತ
ನಾನು ಮನೆಯವರೆಗೂ ಯೋಚಿಸಿದೆ.

ನಮ್ಮ ಮೂರು ಕಿಲೋಮೀಟರ್ ಅಂದರೆ
ಸುಣ್ಣದ ಪಟ್ಟೆ ಬಳಿದ ಹುಣಸೆಮರದಿಂದ
ಕೆಲಸ ನಿಂತ ಇಟ್ಟಿಗೆ ಗೂಡಿನವರೆಗೆ.
ರಸ್ತೆ ಅಗಲವಾಯಿತು, ಮರ ಹೋಯಿತು.
ಒಂದಷ್ಟು ದಿನ ಬೊಡ್ಡೆಯಿಂದ ಶುರುಮಾಡಿದೆವು,
ಆಮೇಲೆ ಬೊಡ್ಡೆ ಇದ್ದ ಜಾಗದಿಂದ,
ಆಮೇಲೆ ನನ್ನ ಅಂದಾಜಿನಿಂದ.
ಗೂಡಿನ ಜಾಗದಲ್ಲಿ ವಿಲ್ಲಾಗಳು ಎದ್ದವು. ಅಲ್ಲಿನ ವಾಚ್‌ಮನ್
ನಾವು ಬರುವ ರಭಸಕ್ಕೆ ಓಡಿಬಂದು ಗೇಟು ತೆಗೆದು,
ನಾವು ಹಾಗೇ ತಿರುಗಿಕೊಂಡಾಗ ಬೈಯುತ್ತಿದ್ದ.

ಗೆದ್ದಿದ್ದಾ? ಎರಡು ಬೆಳ್ಳಿ, ಐದು ಕಂಚು.
ಹೆಸರು ತಪ್ಪಿದ ಸರ್ಟಿಫಿಕೇಟು ಒಂದು ಟ್ರಂಕಿನಷ್ಟು:
ಸಾವಿತ್ರಿ, ಸವಂತಿ, ಒಂದರಲ್ಲಿ ಶ್ರೀ ಸಾವಂತ್.
ಎಡಹೆಗಲಲ್ಲಿ ಉಕ್ಕಿನ ಪ್ಲೇಟು, ಹೆಬ್ಬಾಳದ ನಾಯಿಯೊಂದರ ದಯೆ.
ಒಮ್ಮೆ ಚಿನ್ನ ತಪ್ಪಿದ್ದು
ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿಗೆ.
ಅದೆಷ್ಟು ಅಂತ ತಿಳಿಯಲು ಸ್ಟಾಪ್‌ವಾಚನ್ನು
ಒತ್ತಿ ಒತ್ತಿ ನೋಡಿದೆ.
ಬೆರಳೇ ಅಷ್ಟು ಬೇಗ ಏಳಲಿಲ್ಲ.

ಮಂಡಿ ಹೋಯಿತು. ಈಗ ಯಶವಂತಪುರದಲ್ಲಿ ಮೂರನೇ ಕೌಂಟರು.
ಹೋದ ತಿಂಗಳು ವೇಳಾಂಕಣಿಗೆ ಟಿಕೆಟ್ ತೆಗೆಯಲು ಹೋಗಿದ್ದೆ,
ಕ್ಯೂ ತೆವಳುತ್ತಿತ್ತು. ಗಾಜಿನ ಹಿಂದೆ, ತಲೆ ಎತ್ತದೆ,
‘ಹ್ಞೂಂ’ ಅಂದಳು, ಮುಂದಿನವರಿಗೆ.
ನನ್ನ ಬಲಗೈ ತಾನಾಗಿ ತಿರುಗಿತು.

ಒಂದೇ ಒಂದು ಸಲ ಅವಳ ಬೆನ್ನು ಕಂಡಿದ್ದೇನೆ.
ಬೂದಿಗೆರೆ ಹತ್ತಿರ ಪೆಟ್ರೋಲ್ ಖಾಲಿ, ರಿಸರ್ವೂ ಮುಗಿದಿತ್ತು.
ಗಾಡಿ ಬಿಕ್ಕಿತು,
ಕನ್ನಡಿ ಬರಿದಾಯಿತು,
ಎಡಗಡೆ ಸರ್ರೆಂದು ಏನೋ ಹೋಯಿತು.
ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ.
ಎದುರುಗಾಳಿ,
ನೀಲಗಿರಿ ತೋಪು ಇಡೀ ನನ್ನ ಕಡೆಗೆ ಬಾಗಿತ್ತು.
ಟ್ಯಾಂಕಿನ ಮುಚ್ಚಳ ಕೈಯಲ್ಲಿ ಹಿಡಿದು ನಡುರಸ್ತೆಯಲ್ಲಿ ನಿಂತು,
ಅಭ್ಯಾಸಬಲ,
ನಾನು ಸೆಕೆಂಡು ಎಣಿಸುತ್ತಿದ್ದೆ.