ಮೂರನೇ ಪಾಳಿ

ಬೀದರಿನ ಚೌಬಾರಾದ ಹಿಂದೆ ಚಹಾದಂಗಡಿ, ರಾತ್ರಿ ಹತ್ತು.
ತೊಗರಿ ಅಡತಿಯ ಹಳೇ ಬಿಲ್ಲಿನ ಬೆನ್ನಿಗೆ
ಅರವತ್ತು ಹೆಸರು, ಐದು ತಂಡ.
ಚೀಟಿ ಎತ್ತಿದೆ: ನಮ್ಮದು ಮೂರನೇ ಪಾಳಿ.

ಮೊದಲನೆಯವ ಕೇಳುವ ಮುಂಚೆಯೇ ಕೂಗಿದ, ಇಮ್ತಿಯಾಜ್.
ಎರಡನೆಯವನೂ ಗೋಲು ಹೊಡೆಯುವವನನ್ನೇ ಎತ್ತಿಕೊಂಡ.
ಎಲ್ಲರಿಗೂ ಹೊಡೆಯುವವ ಬೇಕು.
ತಡೆಯುವವರು ಕಾಗದದ ತಳದಲ್ಲಿ,
ಹಮಾಲಿ, ಸುತಳಿಯ ಲೆಕ್ಕ
ಆಚೆಯಿಂದ ಈಚೆಗೆ ಮೂಡಿದಲ್ಲಿ.

ಬಾಗಿಲ ಹೊರಗೆ ಬೈಕಿನ ಮೇಲೆ ನನ್ನ ತಮ್ಮ ವೈಜಿನಾಥ
ಮೊಬೈಲು ನೋಡಿದಂತೆ ಮಾಡುತ್ತಿದ್ದಾನೆ.
ಅವನ ಎಡಗಾಲಾಗ ಬೆಂಕಿ ಅದ, ಸುಳ್ಳಲ್ಲ.
ಆದರೆ ಹೋದ ವರ್ಷ ಫೈನಲ್ಲಿನಲ್ಲಿ
ನಾವು ಹೊಡೆದದ್ದು ನಾಲ್ಕು, ತಿಂದದ್ದು ಆರು.
ಆ ದಿನ ಎದುರಿನ ಗೋಲಿನಲ್ಲಿದ್ದವ ಧೂಳಪ್ಪ,
ಕೆಂಪು ಮುರುಮಿನ ಮೇಲೆ ಬಿದ್ದು ಬಿದ್ದು
ಎರಡೂ ಮೊಳಕೈ ಮೈದಾನಕ್ಕೇ ಬಿಟ್ಟು ಹೋದವ.

"ಜಲ್ದಿ ಹೇಳೋ ಮಾರಾಯಾ."
ಚಹಾ ಕೆನೆಗಟ್ಟಿತ್ತು.
"ಧೂಳಪ್ಪ," ಅಂದೆ.

ಹೊರಗೆ ಬೈಕು ಚಾಲೂ ಆದ ಸದ್ದು.
ನಾಲ್ಕನೆಯವ ನಗುತ್ತ
ನಮ್ಮ ಮನೆಯ ಹೆಸರನ್ನು ಗೀಚಿಕೊಂಡ.

ಮನೆಗೆ ಬಂದರೆ ಕದಕ್ಕೆ ಒಳಚಿಲಕ.
ಬಡಿದೆ. ಮತ್ತೆ ಬಡಿದೆ.
ತಮ್ಮನ ದನಿ, ಸಿಟ್ಟೇನೂ ಇಲ್ಲ ಅದರಲ್ಲಿ:
"ಧೂಳಪ್ಪನ ಮನಿ ಮುಂದಿನ ಓಣ್ಯಾಗ ಅದ."