ಹಿನ್ನೆಲೆ ಬಟ್ಟೆ

ಮರಳುಗಾಡಿನ ಫೋಟೋಗ್ರಫಿ ಶಿಬಿರ ಅಂತ ಹಾಕಿದ್ದರು,
ಕೆಳಗೆ ಸಣ್ಣಕ್ಷರದಲ್ಲಿ: ಜೈಸಲ್ಮೇರಿಗೆ ಹೋಗಲಾಗದವರಿಗೆ.
ಎರಡೂವರೆ ಸಾವಿರ, ಚಿತ್ರಾನ್ನ ಸೇರಿ.
ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ
ಪಾಸ್‌ಪೋರ್ಟ್ ಸೈಜು ತೆಗೆದವಳು,
ಬೆಳಕಿಗೂ ಬಿಳಿ ಛತ್ರಿ ಹಿಡಿದು ದುಡಿಸಿಕೊಂಡವಳು,
ಒಂದು ಭಾನುವಾರ ಷಟರ್ ಎಳೆದು ಹೊರಟೆ.

ಮೇ ತಿಂಗಳು. ಹೇಮಾವತಿಯ ಹಿನ್ನೀರು
ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು
ದೂರದಲ್ಲೊಂದು ಅಲ್ಯೂಮಿನಿಯಂ ತಂತಿಯಾಗಿತ್ತು.
ಈಚೆಗೆಲ್ಲ ಬಿರುಕು ನೆಲ,
ಬೋರಲು ಬಿದ್ದ ಒಂದು ತೆಪ್ಪ,
ಯಾರೋ ಬೈಕಿನಲ್ಲಿ ಬರೆದು ಹೋದ ಎಂಟು.

ತಿಪ್ಪೇಶ್ ಮೇಷ್ಟ್ರು ಥಾರ್ ನೋಡಿ ಬಂದವರು.
"ಆ ಮುರುಕು ಇಗರ್ಜಿ ಕಡೆ ಯಾರೂ ತಿರುಗಬೇಡಿ,
ಅದನ್ನ ತೆಗೆಯದ ಮೊಬೈಲಿಲ್ಲ ಈ ಜಿಲ್ಲೇಲಿ.
ಏನೂ ಇಲ್ಲದ ಕಡೆ ನೋಡಿ.
ಮರಳುಗಾಡು ಅಂದ್ರೆ ಮರಳಲ್ಲ ಕಣ್ರೀ,
ಕಣ್ಣಿಗೆ ಕೂರೋಕೆ ಜಾಗ ಸಿಗದಿರೋದು."

ಸಕಲೇಶಪುರದ ಡಾಕ್ಟರು ಬೋರಲು ಮಲಗಿ
ಬಿರುಕಿನ ಬಾಯಿಗೆ ಲೆನ್ಸಿಟ್ಟರು.
ಕಾಲೇಜು ಹುಡುಗರು ಮೂರು ಕಾಲಿನ ಸ್ಟ್ಯಾಂಡು ನೆಟ್ಟು
ಸೂರ್ಯನಿಗೆ ಕಾದರು, ಎರಡನೇ ಪಂಕ್ತಿಗೆ ಕಾದಂತೆ.
ನನ್ನ ಬಾಯಿಗೆ ಬಂದದ್ದು ಹಳೇ ಅಭ್ಯಾಸ:
ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ, ಇಲ್ಲಿ ನೋಡಿ...
ಯಾರಿಗೆ ಹೇಳುವುದು?
ಹಿನ್ನೆಲೆ ಬಟ್ಟೆ ಬಂದಿದೆ, ಕೂರುವವರು ಬಂದಿಲ್ಲ.

ಆಗ ಹೆಬ್ಬೆರಳಿಗೆ ಎಡವಿತು ಕಲ್ಲು.
ಬಗ್ಗಿ ಒರೆಸಿದೆ. ನಡುವೆ ದುಂಡನೆ ಕುಳಿ:
ಒರಳು.
ಒಳಗೆ ಎರಡು ಕಪ್ಪೆಚಿಪ್ಪು.

ಸ್ಟುಡಿಯೋದ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬವೊಂದಿದೆ,
ತುಂಬ ನೆಗೆಟಿವ್.
ಅಣೆಕಟ್ಟಿನ ಕಾಲಕ್ಕೆ ಅಪ್ಪ ಗುತ್ತಿಗೆ ಹಿಡಿದ ಕೆಲಸ,
ಮುಳುಗಡೆಯವರ ಫೋಟೋ, ಪರಿಹಾರದ ಫೈಲಿಗೆ,
ತಲೆಗೆ ಎಂಟಾಣೆ.
ಅವರವರ ಮನೆ ಮುಂದೆಯೇ ಕೂರಿಸಿ
ಬೆನ್ನ ಹಿಂದೆ ಬಿಳಿ ಪಂಚೆ ಹಿಡಿಸುತ್ತಿದ್ದರಂತೆ ಇಬ್ಬರ ಕೈಲಿ.
ಹಿಂದೆ ಏನೂ ಕಾಣಕೂಡದು, ಆಫೀಸಿನ ಕಟ್ಟಪ್ಪಣೆ.
ಎದೆಗೆ ಸ್ಲೇಟು, ಸ್ಲೇಟಿಗೆ ನಂಬರು.

ಚೆಲುವಮ್ಮ, ನೂರಾ ಹನ್ನೆರಡು.
ಪೇತ್ರು, ನೂರಾ ಹದಿಮೂರು, ಹಣೆಗೆ ಟೋಪಿ ತೆಗೆಸಿದ ಗೆರೆ.
ನೂರಾ ನಲವತ್ತರ ಸ್ಲೇಟನ್ನು
ಮಡಿಲ ಕೂಸು ಕಚ್ಚುತ್ತಿದೆ.
ಒಂದರಲ್ಲಿ ಮಾತ್ರ ಗಾಳಿಗೆ ಪಂಚೆ ಮಡಚಿ
ಬೆರಳಗಲ ಕಾಣುತ್ತದೆ ಗೋಡೆ, ಗೋಡೆಯಲ್ಲಿ ಗೂಡು,
ಗೂಡಲ್ಲಿ ಒಂದು ಚೊಂಬು.
ಅಂಚಿಗೆ ಕೆಂಪು ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ:
ಕೆಟ್ಟಿದೆ. ಮತ್ತೆ ತೆಗೆಯಬೇಕು.

ಸೂರ್ಯ ಬಂದ.
ಹದಿನಾರು ಕ್ಯಾಮೆರಾ ಒಟ್ಟಿಗೆ ಹಲ್ಲು ಕಡಿದವು.
ನಾನು ಒಂದೇ ಒಂದು ತೆಗೆದೆ,
ಒರಳನ್ನೂ ಬಿಟ್ಟು, ಅದರ ಪಕ್ಕದ ಖಾಲಿಯನ್ನು.

ಮಧ್ಯಾಹ್ನ ಶಾಮಿಯಾನದ ನೆರಳಲ್ಲಿ ವಿಮರ್ಶೆ.
ಮೇಷ್ಟ್ರು ಕನ್ನಡಕ ಏರಿಸಿ ನನ್ನದರ ಮುಂದೆ ನಿಂತರು.
"ದಿಗಂತ ನೇರ ಇದೆ. ಬೆಳಕೂ ಪರವಾಗಿಲ್ಲ.
ಫೋಕಸ್ ಮಾತ್ರ ಎಲ್ಲೋ ಗಾಳೀಲಿ ಇಟ್ಟಿದ್ದೀರಲ್ಲ ಮೇಡಂ?"
"ಐದಡಿ ಸಾರ್.
ಕೂತವರ ಕಣ್ಣಿಗೆ ಇಡೋ ಅಳತೆ."
ಅವರು ಏನೋ ಹೇಳಹೊರಟು
ಚಿತ್ರಾನ್ನದ ಪೊಟ್ಟಣ ನನ್ನ ಕಡೆ ಸರಿಸಿದರು.

ಸೋಮವಾರ. ಮೊದಲ ಗಿರಾಕಿ ಹಾಲ್‌ಟಿಕೆಟ್ಟಿನ ಹುಡುಗ,
ತಲೆಗೆ ನೀರು ಹಚ್ಚಿ ಬಾಚಿದ್ದಾನೆ.
ಬಿಳಿ ಬಟ್ಟೆ ಇಳಿಬಿಟ್ಟು ಲೆನ್ಸ್ ತಿರುಗಿಸಿದೆ,
ಕರಕರ ಅಂತು. ಒಳಗೆ ಕೆರೆಮಣ್ಣಿನ ಧೂಳು.
"ಏನಕ್ಕಾ ಅದು ಸದ್ದು?"
ಅವನ ಬೆನ್ನ ಹಿಂದೆ ಬಟ್ಟೆ
ಫ್ಯಾನಿನ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು.
"ಏನಿಲ್ಲ.
ನೀನು ಅಲ್ಲಾಡಬೇಡ."